ಎರಡಕ್ಕೂ ಎಂಟಕ್ಕೂ ನಡುವಿನ ಗೀಟು

ನಾನು ಸರೋಜ, ಹುಣಸೂರಿನವಳು. ಗಾವಡಗೆರೆ ರಸ್ತೆಯ ಒಂದು ತರಕಾರಿ ಪ್ಯಾಕಿಂಗ್ ಹೌಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಾಗದಪತ್ರದ ಕೆಲಸ ಮಾಡಿ, ಈಚೆಗೆ ಹಾರ ಹಾಕಿಸಿಕೊಂಡು ಮನೆಗೆ ಬಂದವಳು. ಬಂದು ಒಂದು ವಾರವೂ ಆಗಿರಲಿಲ್ಲ, ನನ್ನ ಜಾಗಕ್ಕೆ ಸೇರಿದ ಹುಡುಗಿ ಫೋನ್ ಮಾಡಿದಳು. "ಮೇಡಂ, ಎಷ್ಟು ಡಿಗ್ರೀಲಿ ಇಡಬೇಕು ಅನ್ನೋದನ್ನ ನೀವು ಅಂಕೀಲಿ ಬರೀದೆ ಉದ್ದಕ್ಕೆ ಅಕ್ಷರದಲ್ಲಿ ಯಾಕೆ ಬರೀತಿದ್ರಿ? ಟೈಮ್ ವೇಸ್ಟ್ ಅಲ್ವಾ?" ಅಂದಳು. ನನಗೆ ಎಲ್ಲಿತ್ತೋ ಸಿಟ್ಟು! "ವೇಸ್ಟಾದ್ರೆ ಆಗ್ಲಿ ತಾಯಿ, ನೀನೂ ಹಾಗೇ ಬರಿ" ಅಂತ ಗದರಿ ಫೋನ್ ಇಟ್ಟುಬಿಟ್ಟೆ.

ಆಮೇಲೆ ಪಾಪ ಅನ್ನಿಸಿತು. ಕಾರಣ ಹೇಳದೆ ಗದರಿದರೆ ಯಾರು ಕೇಳುತ್ತಾರೆ? ಈ ಕೆಲಸಕ್ಕೆ ಹೊಸದಾಗಿ ಸೇರುವವರು ಕಾರಣ ತಿಳಿದುಕೊಂಡಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಅನ್ನೋದೆಲ್ಲ ಇಲ್ಲಿಲ್ಲ. ಅದರಿಂದ ನಿಮಗೇನೂ ಆಗಬೇಕಾಗಿಲ್ಲ.

ನಮ್ಮಲ್ಲಿಗೆ ಬರುತ್ತಿದ್ದದ್ದು ಬೇಬಿ ಕಾರ್ನ್. ಕೆ.ಆರ್. ನಗರದ ನಾಲೆ ಬಯಲಿಂದಲೂ ಎಚ್.ಡಿ. ಕೋಟೆ ಕಡೆಯ ಬೋರ್‌ವೆಲ್ ಜಮೀನಿಂದಲೂ ಬೆಳಿಗ್ಗೆ ಬರುತ್ತಿತ್ತು. ಹೆಂಗಸರು ಉದ್ದನೆಯ ಮೇಜಿನ ಎರಡೂ ಬದಿ ನಿಂತು ಸಿಪ್ಪೆ ಸುಲಿದು, ಬೆರಳುದ್ದದವನ್ನು ಮಾತ್ರ ಆರಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಪೆಟ್ಟಿಗೆ ಕೋಲ್ಡ್ ರೂಮಿಗೆ, ಅಲ್ಲಿಂದ ವಾರಕ್ಕೆರಡು ಸಲ ಲಾರಿಗೆ, ಬೆಂಗಳೂರಿಂದ ವಿಮಾನಕ್ಕೆ. ನಡುವೆ ಕೊಲ್ಲಿಯ ಒಂದು ಊರಲ್ಲಿ ಇಳಿದು, ಬೇರೆ ವಿಮಾನ ಹತ್ತಿ, ಮಾರನೇ ದಿನ ಯೂರೋಪಿನ ಮಾರ್ಕೆಟ್ಟಿಗೆ. ಇಷ್ಟು ದೂರವೂ ಅದು ತಣ್ಣಗಿರಬೇಕು. ಎರಡರಿಂದ ಎಂಟು ಡಿಗ್ರಿ ಒಳಗೆ. ಸ್ವಲ್ಪ ಬಿಸಿ ತಗುಲಿದರೂ ಕಥೆ ಮುಗಿಯಿತು.

ಆ ಸರಕಿನ ಜೊತೆ ಹೋಗುವ ಕಾಗದಕ್ಕೆ ಏರ್‌ವೇ ಬಿಲ್ ಅಂತಾರೆ. ಕಳಿಸಿದ್ದು ಯಾರು, ಯಾರಿಗೆ, ಎಷ್ಟು ಪೆಟ್ಟಿಗೆ, ಹೇಗೆ ಇಡಬೇಕು, ಎಲ್ಲ ಅದರಲ್ಲಿರುತ್ತೆ. ತೊಂಬತ್ತರ ದಶಕದಲ್ಲಿ ಅದನ್ನು ಟೈಪ್‌ರೈಟರಿನಲ್ಲಿ ಹೊಡೆಯಬೇಕಿತ್ತು. ಒಂದರ ಕೆಳಗೊಂದು ಹನ್ನೆರಡು ಹಾಳೆ! ಕೊನೇ ಹಾಳೆಗೂ ಅಕ್ಷರ ಮೂಡಬೇಕು ಅಂದರೆ ಕುಟ್ಟಬೇಕು, ರಾಗಿ ಕುಟ್ಟಿದ ಹಾಗೆ. ಸೇರಿದ ಹೊಸತರಲ್ಲಿ ಪೆಟ್ಟಿಗೆಯ ಲೆಕ್ಕದಲ್ಲಿ ಒಂದು ಸೊನ್ನೆ ಜಾಸ್ತಿ ಹೊಡೆದೆ ಅಂತ, ಆಗಿನ ಮೇಲಧಿಕಾರಿ ಹನ್ನೆರಡೂ ಹಾಳೆಯನ್ನು ಒಟ್ಟಿಗೆ ಹರಿದು ನನ್ನ ಮೇಜಿನ ಮೇಲೆ ಸುರಿದಿದ್ದರು. ನಾನು ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಮತ್ತೆ ಕುಟ್ಟಿದೆ.

ಡಿಗ್ರಿಯ ಸೊನ್ನೆ ಹೊಡೆಯೋದಕ್ಕೂ ಒಂದು ಉಪಾಯ ಇತ್ತು. ರೋಲರನ್ನು ಅರ್ಧ ಸಾಲು ಹಿಂದಕ್ಕೆ ತಿರುಗಿಸಿ, ಚಿಕ್ಕ 'ಓ' ಹೊಡೆದು, ಮತ್ತೆ ಮುಂದಕ್ಕೆ ತರಬೇಕು. ಎರಡು, ಒಂದು ಓರೆ ಗೀಟು, ಎಂಟು, ಮೇಲೊಂದು ಪುಟಾಣಿ ಸೊನ್ನೆ. 2/8°. ಕಣ್ಣು ಮುಚ್ಚಿಕೊಂಡು ಹೊಡೆಯುವಷ್ಟು ಅಭ್ಯಾಸವಾಗಿಬಿಟ್ಟಿತ್ತು. ನನ್ನ ಕೈಗೆ ಆ ಗೀಟು ಅಂಟಿಕೊಂಡದ್ದು ಹೀಗೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರ್ ಬಂತು. ಇಲ್ಲಿ ಟೈಪ್ ಮಾಡಿ ಫೋನ್ ತಂತಿಯಲ್ಲಿ ಬೆಂಗಳೂರಿನ ಏಜೆಂಟರಿಗೆ ಕಳಿಸಿದರೆ, ಅಲ್ಲಿಂದ ವಿಮಾನದವರಿಗೆ, ಅಲ್ಲಿಂದ ಕೊಲ್ಲಿಯ ಆ ಊರಿಗೆ. ಸರಕು ಲಾರಿಯಲ್ಲಿ ಶ್ರೀರಂಗಪಟ್ಟಣ ದಾಟುವ ಮೊದಲೇ ಅದರ ಕಾಗದ ಸಮುದ್ರ ದಾಟಿರುತ್ತಿತ್ತು. ಮೊದಲ ಸಲ ಇದನ್ನು ಕೇಳಿದಾಗ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಆದರೆ ಆ ಯಂತ್ರದ ಮಡಿ ನೋಡಬೇಕಿತ್ತು ನೀವು! ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಚುಕ್ಕಿ, ಅಡ್ಡಗೆರೆ, ಇಷ್ಟನ್ನೇ ಮುಟ್ಟುತ್ತಿತ್ತು. ಮಿಕ್ಕದ್ದೆಲ್ಲ ಮೈಲಿಗೆ. ಒಂದು ಸಾಲಿಗೆ ಮೂವತ್ತೈದೇ ಅಕ್ಷರ. ನಮ್ಮ ಕಡೆ ವಿಳಾಸ ಬರೆಯೋದೇ ಬ್ರಾಕೆಟ್ಟಿನಲ್ಲಿ. ಹುಣಸೂರು, ಬ್ರಾಕೆಟ್ಟಿನಲ್ಲಿ ತಾ. ಮೈಸೂರು, ಬ್ರಾಕೆಟ್ಟಿನಲ್ಲಿ ಜಿ. ಬ್ರಾಕೆಟ್ ಕಂಡರೆ ಅದು 'ಟುಂಯ್' ಅಂತ ಕೂಗಿ ಇಡೀ ಕಾಗದವನ್ನು ವಾಪಸ್ ಕಳಿಸುತ್ತಿತ್ತು. ಅಲ್ಪವಿರಾಮ ಹಾಕಿದರೂ ಟುಂಯ್, ಓರೆ ಗೀಟು ಹಾಕಿದರೂ ಟುಂಯ್. ಯಾವ ಅಕ್ಷರ ತಪ್ಪು ಅಂತ ಹೇಳುವ ಸೌಜನ್ಯವೂ ಅದಕ್ಕಿರಲಿಲ್ಲ. ನಾನು ಪ್ರತಿ ಸಲವೂ 2/8 ಅಂತಲೇ ಹೊಡೆದು, ಅದು ಕೂಗಿದ ಮೇಲೆ ತಲೆ ಚಚ್ಚಿಕೊಂಡು, ಗೀಟು ಅಳಿಸಿ "2 TO 8" ಅಂತ ತಿದ್ದುತ್ತಿದ್ದೆ. ಹೊರಗೆ ಲಾರಿಯವನು ಹಾರನ್ ಹೊಡೆಯುತ್ತಿದ್ದ.

ಏಜೆಂಟರ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಪ್ರಕಾಶ್ ಅಂತ. ಮುಖ ನೋಡಿರಲಿಲ್ಲ, ಫೋನಿನಲ್ಲೇ ಪರಿಚಯ, ಮೆದು ಮಾತಿನವರು. ಒಂದು ದಿನ ಅವರಿಗೆ ಚೆನ್ನಾಗಿ ಬೈದೆ. "ಏನ್ರೀ ಪ್ರಕಾಶ್, ನಿಮ್ಮ ಯಂತ್ರಕ್ಕೆ ಬೇರೆ ಕೆಲಸ ಇಲ್ವಾ? ಒಂದು ಗೀಟಿಗೆ ಅಷ್ಟು ಗಲಾಟೆ! ಇನ್ನೊಂದು ಸಲ ನನ್ನ ಕಾಗದ ವಾಪಸ್ ಬಂತು ಅಂದ್ರೆ ನಾನೇ ಬೆಂಗಳೂರಿಗೆ ಬರ್ತೀನಿ, ನೋಡ್ಕೊಳಿ." ಅವರು ನಕ್ಕು, "ಏನಾದ್ರೂ ಮಾಡ್ತೀನಿ ಮೇಡಂ, ಬೇಜಾರ್ ಮಾಡ್ಕೋಬೇಡಿ" ಅಂದರು. ಆಗ ನಾನು ಏಳು ತಿಂಗಳ ಬಸುರಿ. ಮದುವೆಯಾಗಿ ಹನ್ನೊಂದು ವರ್ಷ, ಎರಡು ಗರ್ಭ ಹೋಗಿ ಮೂರನೆಯದು ನಿಂತಿತ್ತು. ನನ್ನ ಬಾಯಿ ಮೊದಲೇ ಜೋರು, ಆಗಂತೂ ಕೇಳೋದೇ ಬೇಡ.

ಇನ್ನು ಜವರಣ್ಣನ ವಿಷಯ ಹೇಳಬೇಕು. ಜವರಯ್ಯ ಅಂತ ಹೆಸರು, ಪಿರಿಯಾಪಟ್ಟಣದ ಹಾರನಹಳ್ಳಿ ಕಡೆಯವರು, ಐವತ್ತರ ಆಸುಪಾಸು. ಕೋಲ್ಡ್ ರೂಮು ಕಾಯುತ್ತಿದ್ದರು. ಗಂಟೆಗೊಮ್ಮೆ ಒಳಗಿನ ಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕಾದ್ದು ಅವರ ಕೆಲಸ. ಅಂಕಿ ಓದುತ್ತಿದ್ದರು, ಬರೆಯಲು ಕೈ ತಿರುಗುತ್ತಿರಲಿಲ್ಲ. ಅದಕ್ಕೆ ನನ್ನ ಕಿಟಕಿಯ ಹತ್ತಿರ ಬಂದು, "ಅಮ್ಮೋರೆ, ನಾಕು" ಅನ್ನುತ್ತಿದ್ದರು. ನಾನು ಪುಸ್ತಕದಲ್ಲಿ ನಾಲ್ಕು ಅಂತ ಬರೆಯುತ್ತಿದ್ದೆ. "ಅಮ್ಮೋರೆ, ಐದು." ಐದು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಮೇನೇಜರಿಗೆ ಇದು ಗೊತ್ತಿರಲಿಲ್ಲ, ನಾವೂ ಹೇಳಿರಲಿಲ್ಲ.

ನಾನು ಪ್ರಕಾಶ್‌ಗೆ ಬೈದ ಮುಂದಿನ ವಾರ, ಮಂಗಳವಾರ ಮಧ್ಯಾಹ್ನ ಕರೆಂಟ್ ಹೋಯಿತು. ಜವರಣ್ಣ ಓಡಿಹೋಗಿ ಜನರೇಟರ್ ಹಾಕಿದರು. ನಾನು ಅಂದಿನ ಕಾಗದ ಟೈಪ್ ಮಾಡಿ, ಅಭ್ಯಾಸಬಲದಿಂದ 2/8 ಅಂತ ಹೊಡೆದು, ಗುಂಡಿ ಒತ್ತಿ ಟುಂಯ್ ಶಬ್ದಕ್ಕೆ ಕಾದೆ. ಶಬ್ದವೇ ಇಲ್ಲ! 'ಹೋಯಿತು' ಅಂತ ತೋರಿಸಿತು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಪ್ರಕಾಶ್ ಹೇಳಿದಂತೆ ಮಾಡಿದ್ದಾರೆ ಅಂದುಕೊಂಡು ಆಗಲೇ ಫೋನ್ ಮಾಡಿ ಹೊಗಳುತ್ತಾ ಕೂತೆ. ಕಿಟಕಿಯ ಹತ್ತಿರ ಜವರಣ್ಣ ಬಂದು, "ಅಮ್ಮೋರೆ, ಕರೆಂಟ್ ಓಗಿತ್ತು, ಜನರೇಟರ್ ಆಕಿವ್ನಿ, ನಾಕೇ ಅದೆ, ಬರ್ಕಳಿ" ಅಂದರು. ನಾನು ಫೋನಿಗೆ ಕೈ ಅಡ್ಡ ಇಟ್ಟು, "ಆಮೇಲೆ ಬರ್ಕೊತೀನಿ ಹೋಗಿ ಜವರಣ್ಣ" ಅಂದೆ.

ಬರೆದುಕೊಳ್ಳಲಿಲ್ಲ. ಮರೆತೆ.

ಗುರುವಾರ ಯೂರೋಪಿನ ಕೊಳ್ಳುವವರಿಂದ ಫ್ಯಾಕ್ಸ್ ಬಂತು. ಅಷ್ಟೂ ಸರಕು ಕೊಳೆತಿದೆ. ಪೆಟ್ಟಿಗೆ ಬಿಚ್ಚಿದರೆ ಹಬೆ ಬರುತ್ತಿದೆ, ಮೇಲೆಲ್ಲ ಲೋಳೆ. ಇನ್ನು ಹೇಳುವವರೆಗೆ ಏನೂ ಕಳಿಸಬೇಡಿ ಅಂತ ಬರೆದಿದ್ದರು. ಮೇಜಿನ ಹತ್ತಿರ ನಲವತ್ತು ಹೆಂಗಸರು ಸಿಪ್ಪೆ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟರು.

ಮೇನೇಜರ್ ಮೈಸೂರಿನಿಂದ ದಿನಾ ಓಡಾಡುತ್ತಿದ್ದವರು, ಕೆಟ್ಟವರಲ್ಲ, ಆದರೆ ಮೇಲಿನವರಿಗೆ ಉತ್ತರ ಹೇಳಬೇಕು. ನೇರ ಕೋಲ್ಡ್ ರೂಮಿನ ಪುಸ್ತಕ ತೆಗೆದರು. ಮಂಗಳವಾರ, ಕರೆಂಟ್ ಹೋದ ಗಂಟೆ, ಆ ಸಾಲು ಮಾತ್ರ ಖಾಲಿ. ಜವರಣ್ಣನನ್ನು ಕರೆಸಿದರು.

"ಏನ್ರೀ ಇದು? ಕರೆಂಟ್ ಹೋದಾಗ ಎಲ್ಲಿ ಹೋಗಿದ್ರಿ? ಜನರೇಟರ್ ಹಾಕಿದ್ರೋ ಇಲ್ವೋ?"

"ಆಕಿದ್ದೆ ಸಾ."

"ಹಾಕಿದ್ರೆ ಯಾಕೆ ಬರೆದಿಲ್ಲ?"

ಜವರಣ್ಣ ಆ ಖಾಲಿ ಸಾಲು ನೋಡಿದರು. ನನ್ನ ಕಡೆ ನೋಡಲಿಲ್ಲ. "ಮರ್ತ್ಬುಟ್ಟೆ ಸಾ" ಅಂದರು.

ನಾನು ಅಲ್ಲೇ ಇದ್ದೆ, ಎರಡು ಮೊಳ ದೂರದಲ್ಲಿ. ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ನನ್ನ ಬಾಯಿಗೆ ಬೀಗ ಬಿದ್ದಿತ್ತು. ಈ ಸ್ಥಿತಿಯಲ್ಲಿ ಕೆಲಸ ಹೋದರೆ ಏನು ಗತಿ ಅನ್ನೋದೊಂದು, ಜನರೇಟರ್ ಹಾಕಲು ಅವರು ತಡ ಮಾಡಿರಲೂಬಹುದು ಅನ್ನೋ ನೀಚ ಸಮಾಧಾನ ಇನ್ನೊಂದು. ಊರಿಗೆಲ್ಲ ಜೋರು ಬಾಯಿಯವಳು ನಾನು, ಬಾಯಿ ಬೇಕಾದ ಹೊತ್ತಿಗೆ ಮೂಕಿಯಾದೆ. ಇವತ್ತಿಗೂ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತೆ.

ಮೇಜಿನ ಹಿರಿಯಳು ಪುಟ್ಟತಾಯಮ್ಮ. ಅವಳು ಹೇಳಿದ್ದನ್ನು ಮೇನೇಜರೂ ಕೇಳುತ್ತಿದ್ದರು. "ಜವ್ರಣ್ಣ, ಯಾಕ್ ಸುಮ್ಕೆ ಮಾತು ಕೇಳಿಸ್ಕತೀಯೆ? ಕರ್ಪೂರ ಅಚ್ಚಿ ಆಣೆ ಮಾಡ್ಬುಡು. ನಿನ್ ತಪ್ಪಿಲ್ಲ ಅಂದ್ರೆ ಇಲ್ಲ, ಮುಗೀತು ಕಣಣ್ಣ." ಹೆಂಗಸರೆಲ್ಲ ಹೂಂ ಅಂದರು. ಗೋಡೆಯ ಮೇಲೆ ದೇವರ ಪಟ ಇತ್ತು, ಯಾರೋ ಕರ್ಪೂರ ತಂದು ತಟ್ಟೆಗೂ ಇಟ್ಟರು. ನಮ್ಮ ಕಡೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಿದ ಮೇಲೆ ಆ ಮಾತಿಗೆ ಎದುರು ಮಾತಿಲ್ಲ.

ಜವರಣ್ಣ ಆ ತಟ್ಟೆ ನೋಡಿದರು. ಹೆಗಲ ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು. "ಆಣೆ ಗೀಣೆ ಬ್ಯಾಡ ಬುಡಿ" ಅಂದು ಕೋಲ್ಡ್ ರೂಮಿನ ಬೀಗದ ಕೈಯನ್ನು ಮೇನೇಜರ ಮುಂದೆ ಇಟ್ಟು ನಡೆದುಬಿಟ್ಟರು. "ಆಣೆಗೆ ಎದ್ರುದ ಅಂದ್ರೆ ಇನ್ನೇನವ್ವ ಅರ್ಥ!" ಅಂತ ಪುಟ್ಟತಾಯಮ್ಮ ಬಾಯಿ ಮೇಲೆ ಬೆರಳಿಟ್ಟುಕೊಂಡಳು. ಸಂಜೆ ಹೊತ್ತಿಗೆ ಹುಣಸೂರಿಂದ ಹಾರನಹಳ್ಳಿವರೆಗೂ ಸುದ್ದಿ ಹೋಗಿತ್ತು, ಜವರಯ್ಯ ಕರ್ಪೂರ ಮುಟ್ಟಲಿಲ್ಲವಂತೆ ಅಂತ.

ಮೂರು ವಾರ ಕಳೆಯಿತು. ಕೊಳ್ಳುವವರು ಇನ್ನೊಂದು ಸಲ ನೋಡೋಣ, ಸ್ವಲ್ಪ ಕಳಿಸಿ ಅಂದರು. ಈ ಸಲ ಕೋಲ್ಡ್ ರೂಮಿಗೆ ಬೇರೆಯವರು. ನಾನೇ ಗಂಟೆಗೊಮ್ಮೆ ಹೊಟ್ಟೆ ಹೊತ್ತುಕೊಂಡು ಹೋಗಿ ಮೀಟರ್ ನೋಡಿದೆ, ನಾನೇ ಬರೆದೆ. ನಾಲ್ಕು, ನಾಲ್ಕು, ಮೂರು, ನಾಲ್ಕು. ಲಾರಿ ಬಾಗಿಲು ಹಾಕುವವರೆಗೂ ಪಕ್ಕದಲ್ಲಿ ನಿಂತಿದ್ದೆ. ಕಾಗದವೂ ಒಂದೇ ಏಟಿಗೆ ಹೋಯಿತು.

ಎರಡು ದಿನಕ್ಕೆ ಮತ್ತೆ ಫ್ಯಾಕ್ಸ್. ಮತ್ತೆ ಹಬೆ, ಮತ್ತೆ ಲೋಳೆ.

ಹಾಗಾದರೆ ಜವರಣ್ಣ? ಆ ಮನುಷ್ಯ ಏನು ಮಾಡಿದ್ದರು? ಪ್ರಕಾಶ್‌ಗೆ ಫೋನ್ ಮಾಡಿ, ಕೊಲ್ಲಿಯ ಊರಿನಲ್ಲಿ ನಮ್ಮ ಕಾಗದ ಹೇಗೆ ಮುಟ್ಟಿದೆಯೋ ಹಾಗೇ ಒಂದು ಪ್ರತಿ ತರಿಸಿಕೊಡಿ ಅಂದೆ. ಮಾರನೇ ದಿನ ಬೆಳಿಗ್ಗೆ ಅದು ಫ್ಯಾಕ್ಸಿನಲ್ಲಿ ಇಂಚಿಂಚಾಗಿ ಹೊರಗೆ ಬಂತು. ನಮ್ಮ ಹೆಸರು ಸರಿ. ಪೆಟ್ಟಿಗೆ ಸರಿ. ತೂಕ ಸರಿ. ಕೊನೇ ಸಾಲು:

KEEP AT 28 C

ಅಯ್ಯೋ ಶಿವನೇ! ಇಪ್ಪತ್ತೆಂಟು! ಎರಡಕ್ಕೂ ಎಂಟಕ್ಕೂ ನಡುವೆ ಗೀಟೇ ಇಲ್ಲ. ಅಲ್ಲಿನವರು ಕಾಗದದಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ತಣ್ಣಗಿಡಿ ಅಂತ ನಾವು ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಮುಚ್ಚಿಹೋಗಿತ್ತು. ನಮ್ಮ ಎಳೇ ಜೋಳವನ್ನು ಇಡೀ ದಿನ ಇಪ್ಪತ್ತೆಂಟು ಡಿಗ್ರಿಯಲ್ಲಿ ಜೋಪಾನವಾಗಿ ಇಟ್ಟಿದ್ದರು.

"ಗೀಟು ಎಲ್ರೀ?" ಅಂತ ಫೋನಿನಲ್ಲಿ ಕಿರುಚಿದೆ.

"ನೀವೇ ಹೇಳಿದ್ರಲ್ಲಾ ಮೇಡಂ, ಕಾಗದ ವಾಪಸ್ ಬರಬಾರದು ಅಂತ" ಅಂದರು ಪ್ರಕಾಶ್, ಪಾಪ. "ಅದಕ್ಕೇ ಒಪ್ಪದ ಅಕ್ಷರ ಬಂದ್ರೆ ಅದನ್ನ ತೆಗೆದು ಮಿಕ್ಕಿದ್ದನ್ನ ಕಳಿಸೋ ಹಾಗೆ ಮಾಡ್ದೆ. ನಿಮಗೆ ಅನುಕೂಲ ಆಗ್ಲಿ ಅಂತ."

ಟುಂಯ್ ಅಂತ ಕೂಗಿ ಕೂಗಿ ನನ್ನನ್ನು ಕಾಯುತ್ತಿದ್ದ ಯಂತ್ರದ ಬಾಯಿಯನ್ನು ನಾನೇ ಬೈದು ಮುಚ್ಚಿಸಿದ್ದೆ. ಗೀಟು ಹೊಡೆದವಳು ನಾನು. ಖಾಲಿ ಸಾಲು ಬಿಟ್ಟವಳು ನಾನು. ಮನೆಗೆ ಹೋದವರು ಜವರಣ್ಣ.

ಮೇನೇಜರಿಗೆ ಫ್ಯಾಕ್ಸ್ ತೋರಿಸಿ, ಖಾಲಿ ಸಾಲಿನ ವಿಷಯವನ್ನೂ ಹೇಳಿದೆ. ಅವರು ಹಾಳೆ ಓದಿ, ಮಡಿಸಿ ನನ್ನ ಕೈಗೇ ಕೊಟ್ಟರು. "ಸರೋಜಾ ಅವರೆ, ಇದನ್ನ ಬೀರುವಿನಲ್ಲಿಡಿ. ಏಜೆಂಟರ ಕಡೆ ತಪ್ಪಾಗಿದೆ ಅಂತ ಬರೆಯೋಣ. ಜವರಯ್ಯನದು ಮುಗಿದ ಕಥೆ, ಈಗ ಕೆದಕಿದರೆ ನಿಮಗೇ ತೊಂದರೆ" ಅಂದರು. ನನಗೆ ಒಳ್ಳೆಯದಾಗಲಿ ಅಂತಲೇ ಹೇಳಿದರು. ಆದರೆ ಮೂರು ವಾರದಿಂದ ಬಿದ್ದಿದ್ದ ಬೀಗ ಆ ಮಾತಿಗೆ ಕಿತ್ತುಹೋಯಿತು. "ನನ್ನ ಕಥೆ ಬೇಕಾದ್ರೆ ಮುಗಿಸಿ ಸರ್. ಅವರದನ್ನ ಮುಗಿಸೋಕೆ ನಾವ್ಯಾರು?" ಅಂದು ನೇರ ಮೇಜಿನ ಹತ್ತಿರ ಹೋಗಿ, ಎಲ್ಲ ಹೆಂಗಸರ ಎದುರು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಪುಟ್ಟತಾಯಮ್ಮ ಕೈಯಲ್ಲಿದ್ದ ಜೋಳ ಕೆಳಗೆ ಬಿಟ್ಟಳು. "ಅಯ್ಯಯ್ಯೋ, ನಾನೇ ಕಣವ್ವ ಕರ್ಪೂರ ತರ್ಸುದ್ದು" ಅಂತ ಸೆರಗು ಬಾಯಿಗೆ ಒತ್ತಿಕೊಂಡಳು.

ಭಾನುವಾರ ಬಸ್ ಹತ್ತಿದೆ. ಎಂಟು ತಿಂಗಳು ತುಂಬಿತ್ತು, ಮನೆಯವರು ಬೇಡ ಅಂದರು, ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಯಾರ ಮಾತು ಕೇಳುವ ಸ್ಥಿತಿಯಲ್ಲೂ ನಾನಿರಲಿಲ್ಲ. ಪಿರಿಯಾಪಟ್ಟಣದಲ್ಲಿ ಬಸ್ ಬದಲಾಯಿಸಿ, ಹಾರನಹಳ್ಳಿ ದಾಟಿ ಇಳಿದು ಕೇಳಿದರೆ, "ಜವ್ರಯ್ನಾ? ಬ್ಯಾರನ್ ತಾವ ಅವ್ನೆ" ಅಂದರು. ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಎತ್ತರದ ಮನೆ. ಜವರಣ್ಣ ಒಲೆಯ ಮುಂದೆ ಕೂತು ಸೌದೆ ಒಟ್ಟುತ್ತಿದ್ದರು. ಗೋಡೆಯ ಪುಟ್ಟ ಗಾಜಿನಲ್ಲಿ ಇಣುಕಿ ಒಳಗಿನ ಬಿಸಿ ಎಷ್ಟಿದೆ ಅಂತ ನೋಡುತ್ತಿದ್ದರು. ತಂಪು ಕಾಯುತ್ತಿದ್ದ ಮನುಷ್ಯ ಈಗ ಬಿಸಿ ಕಾಯುತ್ತಿದ್ದರು.

ನನ್ನನ್ನು ಕಂಡು ಗಾಬರಿಯಿಂದ ಎದ್ದರು. "ಇದೇನ್ ಅಮ್ಮೋರೆ, ಈ ಒಟ್ಟೆ ಒತ್ಕಂಡು ಬಂದ್ರಾ! ಬೆಂಕಿ ತಾವ ಬರ್ಬ್ಯಾಡಿ, ಅಲ್ಲೇ ನಿಂತ್ಕಳಿ" ಅಂದು ಹುಣಸೆ ಮರದ ನೆರಳಿಗೆ ಗೋಣಿಚೀಲ ಹಾಸಿದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿ ಫ್ಯಾಕ್ಸ್ ತೋರಿಸಿದೆ. ಇಪ್ಪತ್ತೆಂಟನ್ನು ಅವರು ಓದಿದರು. "ಅಂಗಾರೆ ಮಾಲು ಇಲ್ಲಿ ಕೆಟ್ಟಿಲ್ಲ ಅನ್ನಿ. ನಂಗೊತ್ತಿತ್ತು" ಅಂದರು, ಅಷ್ಟೇ.

"ಜವರಣ್ಣ, ನನ್ನ ಕ್ಷಮಿಸಿ" ಅಂದೆ. ಅಳು ಬಂದುಬಿಟ್ಟಿತು. ಆಮೇಲೆ ಆ ಅಳುವಿನಲ್ಲೇ ಸಿಟ್ಟೂ ಬಂತು. "ನಿಮ್ಮದೇನೂ ತಪ್ಪಿರ್ಲಿಲ್ವಲ್ಲ, ಆಣೆ ಯಾಕೆ ಮಾಡ್ಲಿಲ್ಲ ನೀವು? ಕರ್ಪೂರ ಮುಟ್ಟಿದ್ರೆ ಎಲ್ಲಾ ನಂಬೋರು! ಊರೆಲ್ಲ ನಿಮ್ಮನ್ನ ಏನಂತಿದೆ ಗೊತ್ತಾ?"

ಅವರು ಒಲೆಗೆ ಇನ್ನೊಂದು ಕೊರಡು ತಳ್ಳಿದರು. "ನಾನು ಆಣೆ ಮಾಡಿ ಗೆದ್ದೆ ಅನ್ಕಳಿ ಅಮ್ಮೋರೆ. ಅಂಗಾರೆ ಬುಕ್ಕಲ್ಲಿ ಯಾಕಿಲ್ಲ ಅಂತ ಕೇಳೋರು. ಅಮ್ಮೋರ್ಗೆ ಯೋಳಿದ್ದೆ ಅನ್ಬೇಕಾಯ್ತಿತ್ತು. ಆವಾಗ ಆ ತಟ್ಟೆ ನಿಮ್ ಮುಂದಕ್ಕೆ ಬರೋದು." ನನ್ನ ಮುಖ ನೋಡದೆ ಬೆಂಕಿ ನೋಡುತ್ತಲೇ ಹೇಳಿದರು. "ಬಸ್ರಿ ಎಂಗ್ಸು ಕರ್ಪೂರ ಆರ್ಸುಬಾರ್ದು. ನಿಮ್ಗೆ ಮೊದ್ಲೇ ಎಲ್ಡು ನಿಂತಿರ್ನಿಲ್ಲ ಅಂತ ಪುಟ್ತಾಯಿ ಯೋಳ್ತಿದ್ಲು. ನಂಗೇನು, ಕೂಲಿ ಎಲ್ ಮಾಡುದ್ರೂ ಕೂಲಿಯೇ."

ನಾನು ಗೋಣಿಚೀಲದ ಮೇಲೆ ಕೂತುಬಿಟ್ಟೆ. ಹೊಟ್ಟೆಯೊಳಗೆ ಮಗು ಒದೆಯುತ್ತಿತ್ತು.

ಕಣ್ಣು ಒರೆಸಿಕೊಂಡು, "ವಾಪಸ್ ಬನ್ನಿ ಜವರಣ್ಣ, ಎಲ್ಲರ ಮುಂದೆ ಹೇಳಿದ್ದೀನಿ" ಅಂದೆ.

"ಒಪ್ಕಂಡಿರೋ ಬ್ಯಾರನ್ನ ನಡುವ್ಲೆ ಬುಡಕ್ಕಾಯ್ತದಾ? ಇದು ಮುಗುದ್ಮ್ಯಾಕೆ ಬತ್ತೀನಿ" ಅಂದರು. ಆಮೇಲೆ, "ಒಂದ್ ಕೆಲ್ಸ ಮಾಡ್ಕೊಡಿ ಅಮ್ಮೋರೆ. ನಂಗೆ ಅಂಕಿ ಬರ್ಯಾಕೆ ಕಲ್ಸಿ" ಅಂದರು. ಬೈದಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ.

ಅಲ್ಲೇ ಫ್ಯಾಕ್ಸ್ ಹಾಳೆಯನ್ನು ತಿರುವಿ ಅದರ ಬೆನ್ನಿಗೆ ಸೊನ್ನೆಯಿಂದ ಒಂಬತ್ತರವರೆಗೆ ದಪ್ಪಗೆ ಬರೆದುಕೊಟ್ಟೆ. ಅವರು ಅದನ್ನು ಮಡಿಸಿ ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡರು.

ಮೇನೇಜರ್ ನನ್ನನ್ನು ತೆಗೆಯಲಿಲ್ಲ, ಜವರಣ್ಣ ಬರಲಿ ಅಂತ ಅವರೇ ಹೇಳಿಕಳಿಸಿದರು. ಪ್ರಕಾಶ್ ಟುಂಯ್ ಶಬ್ದವನ್ನು ವಾಪಸ್ ತಂದರು, ಅದರ ಮೇಲೆ ನಾನು ಯಾವತ್ತೂ ರೇಗಲಿಲ್ಲ. ಅಂದಿನಿಂದ ಕೊನೇ ದಿನದವರೆಗೂ "BETWEEN TWO AND EIGHT DEGREES" ಅಂತ ಅಕ್ಷರದಲ್ಲೇ ಹೊಡೆದೆ. ಮುಂದೆ ಬಂದ ಹೊಸ ಯಂತ್ರಗಳು ಗೀಟು ಒಪ್ಪಿದಾಗಲೂ ಹಾಗೇ ಹೊಡೆದೆ. ನೀನೂ ಹಾಗೇ ಬರಿ ಅಂದದ್ದು ಇದಕ್ಕೆ ಕಣಮ್ಮ.

ಹೆರಿಗೆ ರಜೆ ಮುಗಿಸಿ ಹೋದ ಮೊದಲ ದಿನ ಜವರಣ್ಣ ಕಿಟಕಿಯ ಹತ್ತಿರ ಬಂದರು. "ಮಗ ಚೆನ್ನಾಗವ್ನಾ ಅಮ್ಮೋರೆ?" ಅಂದರು. ಹೂಂ ಅಂದೆ. ಅಭ್ಯಾಸದಂತೆ ಪೆನ್ನು ತೆಗೆದುಕೊಂಡು, ಎಷ್ಟು ಅಂತ ಕೇಳಿದೆ. ಅವರು ನಕ್ಕು ಪುಸ್ತಕ ತಿರುಗಿಸಿ ತೋರಿಸಿದರು. ಆ ಗಂಟೆಯ ಸಾಲಿನಲ್ಲಿ ಸೊಟ್ಟಗೆ, ಹಾಳೆ ಹರಿಯುವಷ್ಟು ಒತ್ತಿ ಬರೆದ ಒಂದು ನಾಲ್ಕು ಇತ್ತು. ಆ ಪುಸ್ತಕದಲ್ಲಿ ಆಮೇಲೆ ನನ್ನ ಅಕ್ಷರ ಎಲ್ಲೂ ಇಲ್ಲ.